ಬಟ್ಟೆ ಹೂವಿನ ಮೇಲೆ ಕೂರದೆ ಹೋದವರಿಗೆ

ಶ್ರೀಮತಿ ನೀಲಿ ಪಟ್ಟೆಯ ಜೇನ್ನೊಣದವರಿಗೆ,
ಎಡದಿಂದ ಮೂರನೆಯ ಇಟ್ಟಿಗೆಯ ಕೆಳಗಿನ ತೂತು,
ನನ್ನ ಹೊಲಿಗೆ ಅಂಗಡಿಯ ಹಿಂಗೋಡೆ.

ಮಾನ್ಯರೇ,

ತಮಗೂ, ಅಕ್ಕಪಕ್ಕದ ತೂತುಗಳಲ್ಲಿ ಸಂಸಾರ ಹೂಡಿರುವ ತಮ್ಮ ಅಕ್ಕತಂಗಿಯರಿಗೂ, ಗೋಡೆಯೊಳಗೆ ಇನ್ನೂ ಕಣ್ಣು ಬಿಡದ ತಮ್ಮ ಮಕ್ಕಳಿಗೂ ಟೈಲರುಗಳ ಬೀದಿಯ ಕಾಡುಹೂ ಸಂರಕ್ಷಣಾ ಸಮಿತಿಯ ಅಧ್ಯಕ್ಷನಾದ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ದಿನಾ ಬೆಳಗ್ಗೆ ತಾವು ಹೊರಡುವಾಗ ಕೇಳಿಬರುವ ಗುಂಯ್ ಸದ್ದು ನನ್ನ ಹೊಲಿಗೆ ಯಂತ್ರದ ಸದ್ದಿಗಿಂತ ಒಂದು ಕೈ ಮೇಲೆಯೇ ಇದೆ, ಅದೂ ಎಣ್ಣೆ ಹಾಕದೆ. ಇಷ್ಟು ಉಪಚಾರದ ಮೇಲೆ ಇನ್ನು ದೂರಿಗೆ ಬರುತ್ತೇನೆ.

ಕಳೆದ ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ತಾವು ನಮ್ಮ ಬೀದಿಯ ಕೊನೆಯ ಮೂಲೆ ಜಾಗಕ್ಕೆ ದಯಮಾಡಿಸಿ, ಒಂದು ಗುಲಾಬಿ ಬಣ್ಣದ ಹೂವಿನ ಮುಂದೆ ಗಾಳಿಯಲ್ಲಿ ನಿಂತು, ಅದನ್ನು ಹೆಣ್ಣು ನೋಡಲು ಬಂದವರಂತೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಕೂರದೆ ಹೊರಟುಹೋದಿರಿ. ಪುರಸಭೆಯ ಎಣಿಕೆ ಅಧಿಕಾರಿಗಳು ಎತ್ತಿದ ಪೆನ್ನನ್ನು ಹಾಗೆಯೇ ಇಳಿಸಿದರು. ಒಂದು ಗಂಟೆಯಲ್ಲಿ ಕನಿಷ್ಠ ಇಪ್ಪತ್ತು ಬಾರಿ ಜೇನೋ ದುಂಬಿಯೋ ಚಿಟ್ಟೆಯೋ ಹೂವಿನ ಮೇಲೆ ಕೂತರೆ ಮಾತ್ರ ಆ ಜಾಗ ಕಾಡುಹೂವಿಗೆ, ಇಲ್ಲದಿದ್ದರೆ ಕಾಂಕ್ರೀಟು ಸುರಿದು ವಾಹನ ನಿಲ್ಲಿಸಲು ಎಂಬುದು ನಿಯಮ. ಹನ್ನೊಂದಕ್ಕೆ ಅವರು ತಮ್ಮ ಹಾಳೆಯಲ್ಲಿ ಒಂದು ದುಂಡನೆಯ ಸೊನ್ನೆ ಬರೆದು, "ಬಟ್ಟೆ ಹೂವಿನ ಮೇಲೆ ಕೂತಿದ್ರೂ ಬರ್ಕೋತಿದ್ದೆ ಸ್ವಾಮಿ, ಒಂದೂ ಕೂರ್ಲಿಲ್ವಲ್ಲ" ಎಂದು ನಮಗಿಂತ ಹೆಚ್ಚು ಬೇಸರಪಟ್ಟರು.

ಹೌದು, ಬಟ್ಟೆ ಹೂಗಳು. ತಮಗೆ ಕೂರಲು ಏನಡ್ಡಿ ಎಂದು ಕೇಳುವ ಮೊದಲು ಅವು ಅಲ್ಲಿಗೆ ಬಂದ ಬಗೆಯನ್ನು ಹೇಳುವುದು ನ್ಯಾಯ. ಎರಡೂವರೆ ತಿಂಗಳ ಹಿಂದೆ ಆ ಜಾಗದ ತುಂಬ ತುಂಬೆ, ವಿಷ್ಣುಕ್ರಾಂತಿ ಮತ್ತು ನನಗೆ ಹೆಸರು ಗೊತ್ತಿಲ್ಲದ ಇನ್ನೂ ಐದಾರು ಬಗೆಯ ಹೂಗಳು ಯಾರ ಅಪ್ಪಣೆಯನ್ನೂ ಕೇಳದೆ ಅರಳಿದ್ದವು, ಅವುಗಳ ನಡುವೆ ಬೇಡದ ಹುಲ್ಲೂ ಇತ್ತು. ನಮ್ಮ ಸಲಹೆಗಾರರಾದ ಸಸ್ಯಶಾಸ್ತ್ರದ ನಿವೃತ್ತ ಮೇಡಂ, ಉಳಿಸಿಕೊಳ್ಳಬೇಕಾದ ಗಿಡಗಳಿಗೆಲ್ಲ ಮೊದಲು ಒಂದು ಗುರುತು ಹಾಕಿ, ಆಮೇಲೆ ಬೀದಿಯವರೆಲ್ಲ ಸೇರಿ ಕಳೆ ಕೀಳಿ ಎಂದರು. ಅಧ್ಯಕ್ಷನೆಂಬ ಹುಮ್ಮಸ್ಸಿನಲ್ಲಿ ನಾನೇ ಕೂತು, ಸೊಂಟ ಹಿಡಿದುಕೊಳ್ಳುವವರೆಗೆ, ನೂರ ಹದಿನಾಲ್ಕು ಗಿಡಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದೆ.

ಮೇಡಂಗೆ ತಿಳಿಯದಿದ್ದ ಒಂದೇ ವಿಷಯವೆಂದರೆ ಇದು ಟೈಲರುಗಳ ಬೀದಿ. ಇಲ್ಲಿ ಗುರುತು ಹಾಕುವುದು ಉಳಿಸುವುದಕ್ಕಲ್ಲ, ಗುರುತು ಕಂಡಲ್ಲಿ ಕತ್ತರಿ ಆಡಬೇಕು. ನಲವತ್ತು ವರ್ಷ ಅದೇ ಕೆಲಸ ಮಾಡಿದ ಕೈ ಯಜಮಾನನ ಮಾತು ಕೇಳುವುದಿಲ್ಲ. ಭಾನುವಾರ ಬೆಳಗ್ಗೆ ಮೂವತ್ತೊಂದು ಜನ ಸಾಲಾಗಿ ಕೂತು, ಕೆಂಪು ಚೂರು ಕಟ್ಟಿದ ಗಿಡಗಳನ್ನೆಲ್ಲ ಒಂದನ್ನೂ ಬಿಡದೆ ಬೇರು ಸಮೇತ ಕಿತ್ತು, ಗುರುತಿಲ್ಲದ ಹುಲ್ಲನ್ನು ಅಂಗಿಯ ಕಾಲರಿನಂತೆ ಅಂಚು ಸರಿಮಾಡಿ ಬಿಟ್ಟರು. ಕೋಟು ಹೊಲಿಯುವ ದೊಡ್ಡಪ್ಪನವರಂತೂ ಕಿತ್ತ ಗಿಡಗಳನ್ನು ಉದ್ದದ ಪ್ರಕಾರ ವಿಂಗಡಿಸಿಟ್ಟಿದ್ದರು. ಹನ್ನೆರಡಕ್ಕೆ ಬಂದ ಮೇಡಂ ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕೂತು, "ಇಷ್ಟು ನೀಟಾಗಿ ಹಾಳು ಮಾಡಿದ್ದನ್ನ ನಾನೆಲ್ಲೂ ನೋಡಿಲ್ಲ" ಎಂದರು. ಮೊದಲ ಗಿಡ ಕಿತ್ತವರು ಯಾರು ಎಂದು ವಿಚಾರಣೆ ನಡೆಯಿತು. ತಮ್ಮಲ್ಲಿ ಮುಚ್ಚಿಡುವುದೇನು, ಗುರುತು ಕಟ್ಟಿದ ನಾನೇ.

ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿರುವ ಜನ ನಾವಲ್ಲ. ಎಣಿಕೆಯ ದಿನ ಗೊತ್ತಾದದ್ದೇ ತಡ, ಕೈಯಲ್ಲಿ ವಿದ್ಯೆಯಿರುವಾಗ ಹೂವಿಗೆ ಬರವೇ ಎಂದು ಬೀದಿಗೆ ಬೀದಿಯೇ ಹೊಲಿಯಲು ಕೂತಿತು. ಲೈನಿಂಗ್ ಬಟ್ಟೆಯ ಎಸಳು, ಮಧ್ಯೆ ಅಂಗಿಯ ಗುಂಡಿ, ತಂತಿಯ ಕಾಂಡ, ಒಂದೊಂದು ಎಸಳಿಗೂ ಎರಡೆರಡು ಹೊಲಿಗೆ. ಒಗೆದರೆ ಬಣ್ಣ ಬಿಡುವುದಿಲ್ಲ, ಬಿಸಿಲಿಗೆ ಬಾಡುವುದಿಲ್ಲ, ಇಸ್ತ್ರಿಯನ್ನೂ ಹಾಕಬಹುದು. ನಿಜವಾದ ಯಾವ ಹೂವು ಇಷ್ಟು ಬಾಳಿಕೆ ಬರುತ್ತದೆ, ತಾವೇ ಎದೆ ಮುಟ್ಟಿ ಹೇಳಿ. ಮಕರಂದವೊಂದಿಲ್ಲ ಎಂಬುದು ತಮ್ಮ ಆಕ್ಷೇಪವಾದರೆ, ಅಳತೆ ಕೊಟ್ಟಿದ್ದರೆ ಅದಕ್ಕೂ ಒಂದು ಜೇಬು ಇಡುತ್ತಿದ್ದೆವು.

ತಾವು ಆ ದಿನ ನಮ್ಮ ಹೂವನ್ನು ಕಡೆಗಣಿಸಿ ಎಲ್ಲಿಗೆ ಹೋದಿರಿ ಎಂಬುದು ಮರುದಿನ ತಿಳಿಯಿತು. ನನ್ನ ಮನೆಯವಳು ತಮ್ಮ ಹಿಂದೆಯೇ ಹೋಗಿ, ಸಮಿತಿಯ ಬೋರ್ಡಿನ ಹಿಂದಿನಿಂದ ಕೈಬೀಸಿ, "ರೀ, ಇಲ್ಲಿ ಬನ್ನಿ, ಚಪ್ಪಲಿ ಸದ್ದು ಮಾಡ್ಬೇಡಿ" ಎಂದು ಕರೆದಳು. ಆ ಬೋರ್ಡಿನ ಬಗ್ಗೆ ಹೇಳಲೇಬೇಕು. ಹದಿನೇಳು ಜನ ಪದಾಧಿಕಾರಿಗಳ ಹೆಸರು, ಹುದ್ದೆ, ಅಂಗಡಿಯ ಸಂಖ್ಯೆ ಎಲ್ಲವೂ ದೂರದಿಂದ ಕಾಣಬೇಕೆಂದು ಅದನ್ನು ಎರಡು ಆಳು ಎತ್ತರಕ್ಕೆ ಮಾಡಿಸಿ, ಆ ಮೂಲೆ ಜಾಗದ ನಡುವೆಯೇ ನಿಲ್ಲಿಸಿದ್ದೆವು. ಕಿತ್ತ ಗಿಡಗಳನ್ನು ಹೊತ್ತು ಹಾಕಲು ಸೋಮಾರಿತನವಾಗಿ ಅದರ ಹಿಂದೆಯೇ ರಾಶಿ ಹಾಕಿದ್ದೆವು. ಆ ರಾಶಿಯ ಬೀಜಗಳೆಲ್ಲ ಉದುರಿ, ಮಳೆ ಬಿದ್ದು, ಮೊಳೆತು, ಮೊಣಕಾಲೆತ್ತರಕ್ಕೆ ಬೆಳೆದು, ತುಂಬೆಯ ಬಿಳಿ ಹೂವಿನ ಮೇಲೆ ಕೂರಲು ತಮ್ಮವರೆಲ್ಲ ಸರದಿ ಕಾಯುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನಮ್ಮ ಬೋರ್ಡಿನ ಬೆನ್ನಿಗೆ ಇಷ್ಟೊಂದು ಬೆಳಕಿತ್ತು. ಕೈಯಲ್ಲಿದ್ದ ಚಹಾ ಆರುವಷ್ಟರಲ್ಲಿ ಮನೆಯವಳು ನಲವತ್ತಮೂರು ಎಣಿಸಿದ್ದಳು.

ನಾಳೆ ಬೆಳಗ್ಗೆ ಹತ್ತಕ್ಕೆ ಮರು ಎಣಿಕೆ. ಇದೇ ಕೊನೆಯ ಅವಕಾಶ. ಆದ್ದರಿಂದ ಅಧಿಕಾರಿಗಳ ಕುರ್ಚಿಯನ್ನು ಬೋರ್ಡಿನ ಹಿಂದೆ ಹಾಕೋಣ ಎಂದು ನಿನ್ನೆಯ ಸಭೆಯಲ್ಲಿ ನಾನು ಸೂಚಿಸಿದಾಗ, ಗುಂಡಿ ಅಂಗಡಿಯವರಾದ ನಮ್ಮ ಕಾರ್ಯದರ್ಶಿಗಳು, "ಹಿಂದೆ ಕೂತ್ರೆ ಫೋಟೋದಲ್ಲಿ ನಮ್ ಹೆಸ್ರು ಬರೋದು ಹೇಗೆ?" ಎಂದು ಕೇಳಿದರು, ಹದಿನಾರು ಕೈಗಳು ಅವರ ಪರವಾಗಿ ಎದ್ದವು. ಕುರ್ಚಿ ಮುಂದೆಯೇ ಇರತಕ್ಕದ್ದು, ಜೇನ್ನೊಣಗಳು ಬೋರ್ಡಿನ ಮುಂದಕ್ಕೆ ಬರುವಂತೆ ಅಧ್ಯಕ್ಷರು ಪತ್ರಮುಖೇನ ವಿನಂತಿಸತಕ್ಕದ್ದು ಎಂದು ಠರಾವಾಯಿತು. ಠರಾವಿನಂತೆ ವಿನಂತಿಸುತ್ತಿದ್ದೇನೆ: ತಾವು ಸಪರಿವಾರ ಹತ್ತಕ್ಕೆ ಐದು ನಿಮಿಷ ಮೊದಲೇ ಬಂದು, ಬಟ್ಟೆ ಹೂಗಳ ಮೇಲೆ ಒಬ್ಬೊಬ್ಬರಾಗಿ, ಅಧಿಕಾರಿಗಳು ಕನ್ನಡಕ ಸರಿಮಾಡಿಕೊಳ್ಳುವಷ್ಟು ಹೊತ್ತು ಕೂತು, ಕಾರ್ಯದರ್ಶಿಗಳ ಹೆಸರಿಗೆ ರೆಕ್ಕೆ ಅಡ್ಡವಾಗದಂತೆ ಹಾರಿಹೋಗಬೇಕು. ಬಂದವರೇ ಮತ್ತೆ ಬಂದರೂ ಅಡ್ಡಿಯಿಲ್ಲ, ಅಕ್ಕತಂಗಿಯರು ಒಂದೇ ರೀತಿ ಇದ್ದೀರಿ.

ಇಲ್ಲಿಗೆ ಸಮಿತಿಯ ಕೆಲಸ ಮುಗಿಯಿತು. ಇನ್ನು ನನ್ನ ಮಾತು. ನಲವತ್ತು ವರ್ಷ ಸೂಜಿಯ ಕಣ್ಣನ್ನೇ ನೋಡಿದವನಿಗೆ ತಲೆಯೆತ್ತಿದರೆ ಕಾಣುವುದು ಆ ಮೂಲೆಯೊಂದೇ. ನಾಳೆಯಿಂದ ಅಲ್ಲಿ ಸ್ಕೂಟರುಗಳ ಕನ್ನಡಿಗಳನ್ನು ನೋಡುತ್ತ ಕೂರಬೇಕೆಂದರೆ ನನಗೆ ನಿಜವಾಗಿ ಅಳು ಬರುತ್ತದೆ. ಬಟ್ಟೆ ನಿನ್ನೆಯೇ ಹೊಲಿದು ಕೊಡಬೇಕಿತ್ತು ಎಂದು ಜಗಳವಾಡದೆ ನನ್ನ ಅಂಗಡಿಗೆ ಬಂದುಹೋಗುವವರು ತಾವೊಬ್ಬರೇ. ಆದ್ದರಿಂದ ಮೇಲಿನ ವಿನಂತಿಯನ್ನು ದಯವಿಟ್ಟು ಓದಿ ಮರೆತುಬಿಡಿ. ತಾವು ಎಲ್ಲಿದ್ದೀರೋ ಅಲ್ಲೇ ಇರಿ, ತುಂಬೆಯ ಮೇಲೆಯೇ ಕೂರಿ; ಬೆಳಗ್ಗೆ ಒಂಬತ್ತೂವರೆಗೆ, ಪದಾಧಿಕಾರಿಗಳು ಫೋಟೋಕ್ಕೆಂದು ಕ್ರಾಪು ತೀಡುತ್ತಿರುವಾಗ, ಬೋರ್ಡನ್ನು ನಾನೂ ನನ್ನ ಮನೆಯವಳೂ ಬಿಚ್ಚಿ ನೆಲಕ್ಕೆ ಮಲಗಿಸಲಿದ್ದೇವೆ. ಮೊಳೆ ಕೀಳುವ ಇಕ್ಕಳ ಈಗಾಗಲೇ ಅವಳ ಚೀಲದಲ್ಲಿದೆ.

ಇಂತು, ನಾಳೆ ಒಂಬತ್ತೂವರೆಯವರೆಗೆ ಅಧ್ಯಕ್ಷನೂ, ಆಮೇಲೂ ತಮ್ಮ ನೆರೆಯವನೂ ಆದ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಟೈಲರ್

ವಿ.ಸೂ.: ಎಣಿಕೆಯಲ್ಲಿ ಗೆದ್ದರೆ ಆ ಸಂತೋಷಕ್ಕೆ ಮುಂದಿನ ಭಾನುವಾರ ಬೀದಿಯವರೆಲ್ಲ ಸೇರಿ ಆ ಜಾಗವನ್ನು ಮತ್ತೊಮ್ಮೆ ಚೊಕ್ಕಟ ಮಾಡುವುದೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ತಮಗೆ ಕೊಂಡಿಯಿದೆ, ಆದರೆ ಸಂಕೋಚದ ಸ್ವಭಾವದಿಂದ ಬಳಸುವುದಿಲ್ಲ ಎಂದು ಮೇಡಂ ಹೇಳುತ್ತಾರೆ. ಆ ಒಂದು ದಿನ ಸಂಕೋಚ ಬಿಡಬೇಕಾಗಿ ಕೋರುತ್ತೇನೆ. ಕೊರಳಲ್ಲಿ ಅಳತೆ ಟೇಪು ಇದ್ದವರೆಲ್ಲ ಸಮಿತಿಯವರೇ. ಅವರ ನಡುವೆ ನಾನೂ ಕೂತು ಏನನ್ನಾದರೂ ಕೀಳುತ್ತಿರುವುದು ಕಂಡರೆ, ದಯವಿಟ್ಟು ನನ್ನಿಂದಲೇ ಶುರುಮಾಡಿ.