ಟ್ಯಾನರಿ ಹಳ್ಳದ ಬೀವರ್ ಅವರಿಗೆ ಹನ್ನೊಂದು ಕ್ಲಾಂಪುಗಳ ಒಡೆಯನ ದೂರು

ಲೋವರ್ ಆಶ್‌ಬಿ, ವರ್ಮಾಂಟ್
ಅಕ್ಟೋಬರ್ ಇಪ್ಪತ್ತೆರಡು

ಹಲ್ಲಿನಿಂದಲೇ ಮರ ಕಡಿದು ಟ್ಯಾನರಿ ಹಳ್ಳಕ್ಕೆ ಅಡ್ಡಲಾಗಿ ಅಣೆಕಟ್ಟು ಕಟ್ಟಿಕೊಂಡು ಸಂಸಾರಸಮೇತ ವಾಸವಾಗಿರುವ ಬೀವರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಗಂಡೋ ಹೆಣ್ಣೋ ಎಂಬುದು ನೋಡಿದ ಮಾತ್ರಕ್ಕೆ ಯಾರಿಗೂ ತಿಳಿಯದಂತೆ ದೇವರು ತಮ್ಮನ್ನು ಸೃಷ್ಟಿಸಿರುವುದರಿಂದ, ಎರಡಕ್ಕೂ ಸಲ್ಲುವಷ್ಟು ಗೌರವವನ್ನು ಒಟ್ಟಿಗೇ ಸಲ್ಲಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಮ್ಮ ಹಲ್ಲುಗಳು ಕ್ಷೇಮವಾಗಿವೆ ಎಂದೂ, ಮರಿಗಳೆರಡೂ ಚಳಿಗಾಲಕ್ಕೆ ಬೇಕಾದಷ್ಟು ಕೊಬ್ಬಿವೆ ಎಂದೂ ನಂಬಿದ್ದೇನೆ. ನಾನು ವಿನ್ಸ್ಲೋ ಪೀಸ್ಲಿ, ತಮ್ಮ ಕೊಳದ ಪಕ್ಕದ ಬಿಳಿ ಮನೆಯವನು. ಮೂವತ್ತೊಂದು ವರ್ಷ ಈ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ನಿಂತು ಬೇರೆಯವರ ದೂರುಗಳನ್ನೆಲ್ಲ ತೂಗಿ, ಅಂಚೆಚೀಟಿ ಅಂಟಿಸಿ, ಕಳಿಸಿದ್ದೇನೆಯೇ ಹೊರತು ನನ್ನದೇ ಆದ ಒಂದು ದೂರನ್ನು ಬರೆಯುವ ಭಾಗ್ಯ ಇಲ್ಲಿಯ ತನಕ ಒದಗಿರಲಿಲ್ಲ. ಇದು ಬಹಿರಂಗ ಪತ್ರವಾದ್ದರಿಂದ ಇದರ ಒಂದು ಪ್ರತಿಯನ್ನು ಊರಿನ ಅಂಗಡಿಯ ಗೋಡೆಯಲ್ಲಿ, ಸೌದೆ ಮಾರಾಟದ ಚೀಟಿಗೂ ಚರ್ಚಿನ ಕೋಳಿ ಪೈ ಊಟದ ಪ್ರಕಟಣೆಗೂ ನಡುವೆ ಅಂಟಿಸಿದ್ದೇನೆ. ಇನ್ನೊಂದನ್ನು ತಾವು ಕಡಿದು ಉಳಿಸಿರುವ ಪಾಪ್ಲರ್ ಮರದ ಬೊಡ್ಡೆಗೆ ಮೊಳೆ ಹೊಡೆದು ತಲುಪಿಸುತ್ತೇನೆ.

ನಿವೃತ್ತನಾದ ವಾರವೇ ನಾನು ಬಡಗಿಯಾಗಬೇಕೆಂದು ನಿಶ್ಚಯಿಸಿ, ಹಳ್ಳದ ದಂಡೆಯಲ್ಲಿದ್ದ ನಮ್ಮ ಚೆರ್ರಿ ಮರವನ್ನು ಉರುಳಿಸಿ ಅದರ ಹಲಗೆಯಿಂದ ಊಟದ ಮೇಜು ಮಾಡಿಕೊಡುವುದಾಗಿ ಹೆಂಡತಿ ಡೆಲ್ಫೀನ್‌ಗೆ ಮಾತು ಕೊಟ್ಟೆ. ಹೊಸಬನು ಮೊದಲು ಯಾವ ಯಾವ ಸಲಕರಣೆ ಕೊಳ್ಳಬೇಕೆಂದು ತಿಳಿಯಲು ಒಂದು ಪತ್ರಿಕೆಯನ್ನು ತರಿಸಿದೆ. ಅತ್ಯಗತ್ಯವಾದವು ಏಳು ಎಂದು ಅದು ಹೇಳಿತು. ಖಚಿತಪಡಿಸಿಕೊಳ್ಳೋಣವೆಂದು ಇನ್ನೊಂದನ್ನು ತರಿಸಿದರೆ ಹದಿನಾಲ್ಕು ಎಂದಿತು, ಮತ್ತು ಆ ಏಳಕ್ಕೂ ಈ ಹದಿನಾಲ್ಕಕ್ಕೂ ಸಮಾನವಾಗಿ ಇದ್ದದ್ದು ಪೆನ್ಸಿಲ್ ಒಂದೇ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎರಡೂ ಪಟ್ಟಿಯನ್ನು ಪೂರೈಸಲು ಹೊರಟೆ. ಉಳಿಯನ್ನು ಕೊಂಡೆ, ಉಳಿಗೆ ಸಾಣೆಕಲ್ಲು ಬೇಕಾಯಿತು, ಸಾಣೆಕಲ್ಲು ತಗ್ಗು ಬೀಳುತ್ತದೆಂದು ಅದನ್ನು ಸಮ ಮಾಡುವ ಮತ್ತೊಂದು ಕಲ್ಲು ಬೇಕಾಯಿತು, ಎರಡೂ ಅಲುಗದಂತೆ ಹಿಡಿಯಲು ಕ್ಲಾಂಪು, ಕ್ಲಾಂಪನ್ನು ಬಿಗಿಯಲು ಗಟ್ಟಿಯಾದ ಕೆಲಸದ ಬೆಂಚು, ಬೆಂಚನ್ನು ಮಾಡಲು ಚೆನ್ನಾಗಿ ಸಾಣೆ ಹಿಡಿದ ಉಳಿ ಬೇಕಾಗಿ, ನಾನು ಹೊರಟಲ್ಲಿಗೇ ಬಂದು ನಿಂತೆ. ಎರಡು ವರ್ಷದ ಈ ಪ್ರಯಾಣದಲ್ಲಿ ಹನ್ನೊಂದು ಕ್ಲಾಂಪು, ಹಲಗೆ ನಯ ಮಾಡುವ ನಾಲ್ಕು ಕೀಸುಳಿ, ಒಂದರೊಡನೊಂದು ಒಪ್ಪದ ಆರು ಮೂಲೆಮಟ್ಟ, ಇವೆಲ್ಲವನ್ನೂ ಇಡಲು ಗಾಜಿನ ಬಾಗಿಲಿನ ಒಂದು ಬೀರು ನನ್ನ ಶೆಡ್ಡಿಗೆ ಬಂದು ಸೇರಿದವು. ಬೀರುವನ್ನೂ ಕೊಂಡುಕೊಂಡೆ. ಈ ಅವಧಿಯಲ್ಲಿ ನಾನು ಕೆತ್ತಿದ ಮರವೆಂದರೆ ಆ ಪೆನ್ಸಿಲ್ ಮಾತ್ರ.

"ವಿನ್ಸ್ಲೋ, ನನ್ನ ಸೊಂಟಕ್ಕೆ ಹೊಸ ಕೀಲು ಕೂರಿಸಿದ್ರಲ್ಲ, ಆ ಡಾಕ್ಟ್ರ ಹತ್ರಾನೂ ಇಷ್ಟು ಸಾಮಾನು ಇರಲಿಲ್ಲ ಕಣಪ್ಪ," ಎಂದು ಡೆಲ್ಫೀನ್ ಈಚೆಗೊಮ್ಮೆ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದ್ದುಂಟು. ನಾನು ಆಗ ಐದನೆಯ ಗರಗಸದ ಹಲ್ಲುಗಳನ್ನು ಎಣಿಸುತ್ತಿದ್ದುದರಿಂದ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸತೊಡಗಿದೆ.

ಇಂಥ ಗಂಭೀರ ಸಿದ್ಧತೆಯ ನಡುವೆ, ಮೇ ತಿಂಗಳಲ್ಲಿ, ತಾವು ಯಾವ ಪತ್ರಿಕೆಯನ್ನೂ ಓದದೆ ಬಂದು ಇಳಿದಿರಿ. ಯಾವ ಗರಗಸದಿಂದ ಉರುಳಿಸಿದರೆ ಚೆನ್ನ ಎಂದು ನಾನು ಎರಡು ವರ್ಷದಿಂದ ಚಿಂತಿಸುತ್ತಿದ್ದ ಚೆರ್ರಿ ಮರವನ್ನು ತಾವು ಎರಡೇ ರಾತ್ರಿಯಲ್ಲಿ ಉರುಳಿಸಿ, ತೊಗಟೆ ಸುಲಿದು, ಅಳತೆಗೆ ತುಂಡು ಮಾಡಿ, ಒಂದೊಂದನ್ನೂ ಅಣೆಕಟ್ಟಿನಲ್ಲಿ ಸರಿಯಾದ ಜಾಗಕ್ಕೆ ಕೂರಿಸಿದಿರಿ. ಆಮೇಲೆ ವಿಚಾರಿಸಿ ತಿಳಿದುಕೊಂಡೆ: ತಮ್ಮಲ್ಲಿರುವ ಸಲಕರಣೆ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಕಿತ್ತಳೆ ಬಣ್ಣದ ಹಲ್ಲು. ಅವುಗಳ ಮುಂಭಾಗ ಗಟ್ಟಿ, ಹಿಂಭಾಗ ಮೆದು. ಕಡಿದಷ್ಟೂ ಹಿಂಭಾಗ ಸವೆದು ಅಂಚು ತಾನೇ ಹರಿತವಾಗುತ್ತದಂತೆ. ಅಂದರೆ ತಮಗೆ ಸಾಣೆಕಲ್ಲೂ ಬೇಡ, ಅದನ್ನು ಸಮ ಮಾಡುವ ಕಲ್ಲೂ ಬೇಡ. ಬೇರೆಯವರು ಕಷ್ಟಪಟ್ಟು ಆರಿಸುವುದನ್ನು ಹುಟ್ಟುವಾಗಲೇ ಬಾಯಲ್ಲಿಟ್ಟುಕೊಂಡು ಬರುವುದು ನ್ಯಾಯವೇ ಎಂದು ತಾವೇ ಒಮ್ಮೆ ಯೋಚಿಸಬೇಕಾಗಿ ಪ್ರಾರ್ಥನೆ.

ನನ್ನ ಎರಡನೆಯ ದೂರು ಇದಕ್ಕಿಂತ ಗಂಭೀರವಾದದ್ದು. ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ದಿನವೂ ನಡೆಯಬೇಕೆಂದು ವೈದ್ಯರು ಹೇಳಿದರೂ ಡೆಲ್ಫೀನ್ ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಬೇಡಿಕೊಂಡೆ, ಗದರಿದೆ, ಕೈ ಹಿಡಿದು ಎಬ್ಬಿಸಲು ನೋಡಿದೆ; ಅವಳು ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು, ಮತ್ತು ನನಗೆ ನಿಜವಾಗಿಯೂ ಭಯವಾಗಿತ್ತು. ಆಮೇಲೊಂದು ಸಂಜೆ ಆ ಕಿಟಕಿಯಿಂದಲೇ ತಾವು ಕೊಂಬೆ ಕಚ್ಚಿಕೊಂಡು ಈಜುವುದು ಅವಳಿಗೆ ಕಂಡಿತು. ಮಾರನೆಯ ದಿನ ಊರುಗೋಲು ಹಿಡಿದು ಮೆಟ್ಟಿಲಿಳಿದಳು. ಒಂದು ವಾರಕ್ಕೆ ಬೇಲಿಯ ತನಕ, ಒಂದು ತಿಂಗಳಿಗೆ ಕೊಳದ ತನಕ ನಡೆದು, ಮೇಪಲ್ ರಸದ ಹಳೆಯ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ತಮ್ಮ ಮರಿಗಳನ್ನು ಎಣಿಸಿಕೊಂಡು ಬರತೊಡಗಿದಳು. ನಲವತ್ತು ವರ್ಷ ಜೊತೆಗಿದ್ದ ಗಂಡನಿಂದ ಆಗದ ಕೆಲಸವನ್ನು ಪರಿಚಯವೇ ಇಲ್ಲದ ತಾವು ಬಾಲ ಬಡಿದು ಮಾಡಿಸಿದ್ದು ನನಗೆ ಎಷ್ಟು ಅವಮಾನವೋ ಅಷ್ಟೇ ಸಂತೋಷ.

ಆದರೆ ತಾವು ಅಷ್ಟಕ್ಕೆ ನಿಲ್ಲದೆ ಸೆಪ್ಟೆಂಬರ್ ಕೊನೆಗೆ ಟ್ಯಾನರಿ ರಸ್ತೆಯ ಕೆಳಗಿನ ಮೋರಿಗೆ ಕೈ ಹಾಕಿದಿರಿ. ಹರಿಯುವ ನೀರಿನ ಸದ್ದು ಕೇಳಿದರೆ ತಮಗೆ ತಡೆಯಲಾಗುವುದಿಲ್ಲವೆಂದು ಬಲ್ಲೆ, ನನಗೂ ಸಲಕರಣೆಗಳ ಅಂಗಡಿ ಕಂಡರೆ ಹಾಗೆಯೇ ಆಗುತ್ತದೆ. ಆದರೂ ಮೋರಿ ಪೂರಾ ಮುಚ್ಚಿ ನೀರು ರಸ್ತೆಯ ಮೇಲೆ ಬಂದಾಗ, ಊರಿನ ರಸ್ತೆಗಳನ್ನು ನೋಡಿಕೊಳ್ಳುವ ಮೇಸ್ತ್ರಿ ರೆಜಾನ್ ತಿಬೋ ಅವರು ಅಂಗಡಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಪೋಸ್ಟ್‌ಮಾಸ್ಟ್ರೇ, ದಿನಾ ಬೆಳಿಗ್ಗೆ ನಾನು ಮೋರಿ ಬಾಯಿಂದ ಕೆಸರು, ಕೊಂಬೆ ಎಳೆದು ಹಾಕ್ತೀನಿ. ಮಾರನೇ ದಿನ ನೋಡಿದ್ರೆ ನಿಮ್ಮ ನೆಂಟರು ಮತ್ತೆ ತುಂಬಿಸಿರ್ತಾರೆ. ಇನ್ನೊಂದು ತಿಂಗಳಿಗೆ ಆ ನೀರು ಹೆಪ್ಪುಗಟ್ಟಿ, ಸ್ಕೂಲ್ ಬಸ್ಸು ಜಾರಿದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಜಾಗ ನಿಮ್ದು. ಇದಕ್ಕೆ ನೀವೊಂದು ಸಹಿ ಹಾಕಿಬಿಟ್ರೆ ಬೋನಿನವನನ್ನ ಕರೆಸ್ತೀನಿ," ಎಂದು ಹಳದಿ ಬಣ್ಣದ ಅರ್ಜಿಯೊಂದನ್ನು ನನ್ನ ಕೈಗಿತ್ತರು.

ಬೋನು ಎಂದರೆ ತಮ್ಮನ್ನು ಬೇರೆ ಕೊಳಕ್ಕೆ ಸಾಗಿಸುವ ಬೋನಲ್ಲ, ನೀರಿನೊಳಗೇ ಎಲ್ಲವನ್ನೂ ಮುಗಿಸುವಂಥದ್ದು. ತಮ್ಮನ್ನು, ತಮ್ಮ ಮರಿಗಳನ್ನು, ಆಮೇಲೆ ಡೆಲ್ಫೀನ್‌ಳ ನಡಿಗೆಯನ್ನು. ಬೇರೆ ದಾರಿಯಿಲ್ಲವೇ ಎಂದು ಕೇಳಿದೆ. ಮೋರಿಯ ಬಾಯಿಗೆ ಅಡ್ಡಲಾಗಿ ಎಂಟಡಿ ಉದ್ದದ ಮರದ ಚೌಕಟ್ಟು ನಿಲ್ಲಿಸಿ ಸುತ್ತ ತಂತಿಬಲೆ ಬಿಗಿದರೆ ತಾವು ಒಳಗೆ ಬರಲಾಗದೆಂದೂ, ಬಲೆ ಊರಿನ ಶೆಡ್ಡಿನಲ್ಲಿದೆಯೆಂದೂ, ಮರ ಕೊಯ್ದು ಚೌಕಟ್ಟು ಕಟ್ಟುವ ಆಳಿಲ್ಲವೆಂದೂ ರೆಜಾನ್ ಹೇಳಿದರು. ನಾನು ಕಟ್ಟುತ್ತೇನೆ ಎಂದೆ. ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.

"ನೀವಾ? ಸಾಮಾನೇನಾದ್ರೂ ಬೇಕಾದ್ರೆ ಕೇಳಿ ಅನ್ನೋಣ ಅಂದ್ರೆ ಅದಕ್ಕೂ ಜಾಗ ಬಿಟ್ಟಿಲ್ಲ ನೀವು," ಎಂದ ರೆಜಾನ್, ಸ್ವಲ್ಪ ಯೋಚಿಸಿ, "ಮುಂದಿನ ವಾರದ ಶುಕ್ರವಾರಕ್ಕೆ ಹತ್ತು ದಿನ ಇದೆ. ಅಲ್ಲೀ ತನಕ ಕಾಯ್ತೀನಿ. ಅರ್ಜಿ ನಿಮ್ಮ ಹತ್ರಾನೇ ಇರ್ಲಿ," ಎಂದರು.

ಆ ಹತ್ತು ದಿನಗಳನ್ನು ನಾನು ಹೇಗೆ ಕಳೆದೆನೆಂದು ತಮ್ಮಂಥ ಕಸುಬುದಾರರಿಗೆ ಹೇಳಲು ನಾಚಿಕೆಯಾಗುತ್ತದೆ. ಮೊದಲ ಮೂರು ದಿನ ಸೀಡರ್ ಮರಕ್ಕೆ ಯಾವ ಗರಗಸ ಯೋಗ್ಯವೆಂದು ಓದಿದೆ. ಮುಂದಿನ ಎರಡು ದಿನ ಉಳಿಗಳಿಗೆ ಸಾಣೆ ಹಿಡಿದೆ. ಆರನೆಯ ದಿನ ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂದಲೆಳೆಯೂ ಹೋಗದಂತೆ ಕೂರಿಸುವ ಜೋಡಣೆಯನ್ನು ಕಾಗದದ ಮೇಲೆ ಬರೆಯುತ್ತಿದ್ದಾಗ ರೆಜಾನ್ ಬಂದು ಇಣುಕಿದರು. "ಪೋಸ್ಟ್‌ಮಾಸ್ಟ್ರೇ, ಇದನ್ನ ಇಡೋದು ಕೆಸರೊಳಗೆ. ಅಲ್ಲಿಗೆ ಯಾರೂ ಊಟಕ್ಕೆ ಬರಲ್ಲ," ಎಂದು ಹೇಳಿ ಹೊರಟುಹೋದರು. ಏಳನೆಯ ದಿನವೂ ಬರೆಯುವುದರಲ್ಲೇ ಹೋಗಿ, ಎಂಟನೆಯ ದಿನ, ಬುಧವಾರ, ಕೊನೆಗೂ ಕೊಯ್ಯಲು ಕುಳಿತೆ. ಮೂರಡಿಯ ನಾಲ್ಕು ಕಾಲುಗಳು ನಾಲ್ಕು ಅಳತೆಗೆ ಬಂದವು. ಉದ್ದವಾದದ್ದನ್ನು ಗಿಡ್ಡನೆಯದಕ್ಕೆ ಸಮ ಮಾಡಹೋಗಿ ಅದು ಇನ್ನೂ ಗಿಡ್ಡವಾಯಿತು. ಹೀಗೆ ಸಮ ಮಾಡುತ್ತ ಮಾಡುತ್ತ ಸಂಜೆಯ ಹೊತ್ತಿಗೆ ಚೌಕಟ್ಟು ನನ್ನ ಮೊಣಕಾಲಿಗೆ ಇಳಿದಿತ್ತು. ಉಳಿದದ್ದು ಒಂದೇ ದಿನ.

ಗುರುವಾರ ಬೆಳಿಗ್ಗೆ ಡೆಲ್ಫೀನ್ ಊರುಗೋಲು ಊರಿಕೊಂಡು ಶೆಡ್ಡಿಗೆ ಹೋಗಿ, ನನ್ನನ್ನು ಕೂಗಿ ಕರೆದು, ಗಾಜಿನ ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ತನ್ನ ಸ್ವೆಟರಿನ ಜೇಬಿಗೆ ಇಳಿಸಿದಳು. ತನ್ನ ಚೀಲದಿಂದ ಮೂರು ವಸ್ತು ತೆಗೆದು ನನ್ನ ಮುಂದಿಟ್ಟಳು: ಸೇಬಿನ ಮರದ ಕೊಂಬೆ ಸವರಲು ಅವಳು ಬಳಸುವ ಬಾಗಿದ ಗರಗಸ, ಗೋಡೆಗೆ ಪಟ ತೂಗಲು ಅಡುಗೆಮನೆಯ ಖಾನೆಯಲ್ಲಿ ಇಟ್ಟಿರುವ ಸುತ್ತಿಗೆ, ಹೊಲಿಗೆ ಡಬ್ಬಿಯ ಟೇಪು.

"ಇವತ್ತು ಇಷ್ಟೇ," ಎಂದಳು.

"ಕ್ಲಾಂಪು ಬೇಡ್ವಾ? ಕೊಯ್ಯುವಾಗ ಕಂಬ ಉರುಳುತ್ತೆ," ಎಂದೆ.

"ನಾನಿದೀನಲ್ಲ," ಎಂದು ಬಕೆಟ್ಟಿನ ಬದಲು ಕಂಬದ ಒಂದು ತುದಿಯ ಮೇಲೆಯೇ ಕುಳಿತಳು. "ಕೊಯ್ಯಿ. ನಿಧಾನಕ್ಕೆ ಕೊಯ್ಯಿ. ಗೆರೆ ಎಲ್ಲಿದೆ ಅಂತ ನಾನು ಹೇಳ್ತೀನಿ, ನೀನು ಯೋಚನೆ ಮಾಡ್ಬೇಡ."

ಸಂಜೆಯ ತನಕ ಅವಳು ಒಂದಾದ ಮೇಲೊಂದು ಕಂಬದ ಮೇಲೆ ಕುಳಿತಳು, ನಾನು ಕೊಯ್ದೆ, ಅವಳು ಟೇಪು ಹಿಡಿದಳು, ನಾನು ಮೊಳೆ ಹೊಡೆದೆ. ಮೂರು ಮೊಳೆ ಬಾಗಿದವು, ಒಂದು ಹೆಬ್ಬೆರಳು ನೀಲಿಯಾಯಿತು. ಎಂಟಡಿಯ ಚೌಕಟ್ಟು ಎದ್ದು ನಿಂತಾಗ ನನಗೆ ಅಳು ಬಂತು. ಧೂಳಿನಿಂದ ಎಂದು ಹೇಳಿದೆ, ಅವಳು ನಂಬಿದಂತೆ ಮಾಡಿದಳು.

ಶುಕ್ರವಾರ ರೆಜಾನ್ ಮತ್ತು ನಾನು ಎದೆಮಟ್ಟದ ರಬ್ಬರ್ ಉಡುಪು ಹಾಕಿಕೊಂಡು ತಣ್ಣನೆಯ ನೀರಿಗಿಳಿದು ಅದನ್ನು ನಿಲ್ಲಿಸಿದೆವು. "ಸೊಟ್ಟಗಿದೆ," ಎಂದರು ರೆಜಾನ್. ಅಲುಗಾಡಿಸಿ ನೋಡಿ, "ನಿಂತಿದೆ," ಎಂದರು. ಶನಿವಾರಕ್ಕೆ ರಸ್ತೆ ಒಣಗಿತು. ಸೋಮವಾರ ಶಾಲೆಯ ಬಸ್ಸು ಹಳೆಯ ದಾರಿಯಲ್ಲೇ ಹೋಯಿತು. ತಮ್ಮ ಕೊಳಕ್ಕೂ ಮನೆಗೂ ಏನೂ ಆಗಿಲ್ಲ, ನೀರು ಒಂದಡಿ ಇಳಿದಿದೆ ಅಷ್ಟೇ.

ಈಗ ಈ ಪತ್ರದ ಮುಖ್ಯ ದೂರಿಗೆ ಬರುತ್ತೇನೆ. ಜೀವಮಾನದಲ್ಲಿ ನಾನು ಮಾಡಿದ ಮೊದಲ ಮರದ ವಸ್ತುವನ್ನು ತಾವು ಮೂರು ಸಂಜೆ ಸುತ್ತು ಹಾಕಿ ಪರೀಕ್ಷಿಸಿದ್ದನ್ನು ಡೆಲ್ಫೀನ್ ಕಣ್ಣಾರೆ ಕಂಡಿದ್ದಾಳೆ. ನಾಲ್ಕನೆಯ ಸಂಜೆ ಬಲಗಡೆಯ ಕಂಬಕ್ಕೆ ಹಲ್ಲಿಟ್ಟು, ಒಂದೇ ಒಂದು ಬಾರಿ ಕಚ್ಚಿ, ಉಗಿದು, ತಿರುಗಿ ನೋಡದೆ ಹೊರಟುಹೋದಿರಂತೆ. ನೂರಾರು ಮರಗಳನ್ನು ಕಡೆಯ ತನಕ ಕಡಿದವರು ನನ್ನ ಕೆಲಸವನ್ನು ಮಾತ್ರ ಅರ್ಧ ತುತ್ತಿಗೆ ತಿರಸ್ಕರಿಸಿದ್ದು ಏಕೆಂದು ತಿಳಿಸಬೇಕು. ತಮ್ಮ ನಾಲಿಗೆಗೆ ಸೀಡರ್ ರುಚಿಸದು ಎಂಬುದು ಕಾರಣವಾದರೆ ಸರಿ. ಜೋಡಣೆ ಚೆನ್ನಾಗಿಲ್ಲ ಎಂಬುದಾದರೆ ಲಿಖಿತವಾಗಿ ತಿಳಿಸಬೇಕು. ಊರಿನ ಬೇರೆ ಮೂರು ಮೋರಿಗಳಿಗೂ ಇಂಥದ್ದೇ ಬೇಕೆಂದು ರೆಜಾನ್ ಕೇಳಿರುವುದರಿಂದ ತಮ್ಮ ಅಭಿಪ್ರಾಯ ನನಗೆ ಅವಶ್ಯಕ. ಹಾಗೆಯೇ ಹೊಸ ಬಡಗಿಗಳ ಅನುಕೂಲಕ್ಕಾಗಿ ಅತ್ಯಗತ್ಯ ಸಲಕರಣೆಗಳ ಪಟ್ಟಿಯೊಂದನ್ನು ತಮ್ಮ ಹೆಸರಿನಲ್ಲೇ ಪ್ರಕಟಿಸಬೇಕೆಂದೂ, ನನ್ನ ದಾರಿಯಲ್ಲಿ ಕೀಸುಳಿಯ ಹೊಟ್ಟಿಗಿಂತ ತೆಳ್ಳನೆಯ ಸಿಪ್ಪೆಗಳನ್ನು ಬೇಕೆಂದೇ ಉದುರಿಸಿ ಹೋಗುವುದನ್ನು ನಿಲ್ಲಿಸಬೇಕೆಂದೂ, ದಂಡೆಯಲ್ಲಿ ಉಳಿದಿರುವ ಸೇಬಿನ ಮರ ಡೆಲ್ಫೀನ್‌ಳದ್ದು ಎಂಬುದನ್ನು ಮರಿಗಳಿಗೂ ತಿಳಿಹೇಳಬೇಕೆಂದೂ, ಸಾಧ್ಯವಾದರೆ ಚಳಿಗಾಲ ಕಳೆದ ಮೇಲೆ ನನ್ನನ್ನು ಶಿಷ್ಯನಾಗಿ ಸೇರಿಸಿಕೊಳ್ಳಬೇಕೆಂದೂ ವಿನಂತಿ.

ಇತಿ, ಸದಾ ತಮ್ಮ ದಂಡೆಯ ಪಕ್ಕದಲ್ಲೇ ಇರುವ
ತಮ್ಮ ವಿಶ್ವಾಸಿ,
ವಿನ್ಸ್ಲೋ ಪೀಸ್ಲಿ

ಮರೆತ ಮಾತು: ಇಲ್ಲಿಂದ ಮುಂದಿನ ಸಾಲುಗಳು ಅಂಗಡಿಯ ಗೋಡೆಯ ಪ್ರತಿಯಲ್ಲಿಲ್ಲ. ತಮಗೆ ಓದು ಬಾರದೆಂಬ ಧೈರ್ಯದ ಮೇಲೆ ಬೊಡ್ಡೆಯ ಪ್ರತಿಯಲ್ಲಿ ಮಾತ್ರ ಬರೆದಿದ್ದೇನೆ. ಆ ಬುಧವಾರ ಸಂಜೆ, ಮೊಣಕಾಲೆತ್ತರದ ಚೌಕಟ್ಟನ್ನು ನೋಡುತ್ತ ಕುಳಿತು, ನಾನು ಹಳದಿ ಅರ್ಜಿಗೆ ಸಹಿ ಹಾಕಿ ಲಕೋಟೆಗೆ ಅಂಚೆಚೀಟಿಯನ್ನೂ ಅಂಟಿಸಿದ್ದೆ. ಮರುದಿನ ಅದನ್ನು ಅಂಚೆಗೆ ಹಾಕಲು ಕೋಟು ತೊಡುತ್ತಿದ್ದಾಗಲೇ ಡೆಲ್ಫೀನ್ ಶೆಡ್ಡಿನಿಂದ ಕೂಗಿದ್ದು. ಅವಳಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ ತಡೆದವನಲ್ಲ ನಾನು, ಇದೊಂದನ್ನು ತಡೆದಿದ್ದೇನೆ. ಅದರಲ್ಲಿ ತಾರೀಖಿನ ಜಾಗವನ್ನು ಖಾಲಿ ಬಿಟ್ಟಿರುವುದರಿಂದ ಅದು ಇನ್ನೂ ಸಲ್ಲುತ್ತದೆ, ಹಾಗಾಗಿ ತಾವು ಮೋರಿಯ ಕಡೆ ಸುಳಿಯದಿರುವುದು ಒಳ್ಳೆಯದು. ತಮ್ಮನ್ನು ಉಳಿಸಲು ಯಾವ ಸಲಕರಣೆ ಬೇಕೆಂದು ಆರಿಸುತ್ತ ನಾನು ಎಂಟು ದಿನ ಕಳೆದೆ. ಕೊಲ್ಲಲು ಬೇಕಾದದ್ದು ಒಂದು ಪೆನ್ನು, ಅದನ್ನು ಆರಿಸಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.