ಟವೆಲ್ ಹತ್ತಿತು, ಕಾಕಾ ಹತ್ತಲಿಲ್ಲ

ನಮ್ಮ ಕಾಕಾನಿಗಿಂತ ಅವನ ಟವೆಲ್ಲೇ ಹೆಚ್ಚು ಊರು ತಿರುಗಿದೆ ಎಂದರೆ ನೀವು ನಗುತ್ತೀರಿ. ನಗಿರಿ, ನಗಿರಿ! ನಮ್ಮ ಕಲ್ಲೋಳಿಯವರೆಲ್ಲ ನಕ್ಕು ಮುಗಿಸಿದ್ದಾರೆ.

ತೊಂಬತ್ತರ ದಶಕದ ಮಾತು. ಬಸ್ಸು ಬಂತೆಂದರೆ ಮೊದಲು ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು, ಆಮೇಲೆ ಬಾಗಿಲಲ್ಲಿ ಗುದ್ದಾಡುವುದು ನಮ್ಮ ಕಡೆಯ ಪದ್ಧತಿ. ಕಾಲಿನ ಬಲ ಹೋಗಿದ್ದ ಕಾಕಾ ಗಾಲಿ ಕುರ್ಚಿಯಲ್ಲಿ ಕೂತೇ ಟವೆಲ್ ಎಸೆಯುತ್ತಿದ್ದ. ಗುರಿ ಎಂದೂ ತಪ್ಪಿದ್ದಿಲ್ಲ! ಆದರೆ ಕುರ್ಚಿ ಆ ಎತ್ತರದ ಮೆಟ್ಟಿಲು ಹತ್ತಬೇಕಲ್ಲ? ಯಾರಾದರೂ ಎತ್ತಲು ಬಂದರೆ ಉರಿದುಬೀಳುತ್ತಿದ್ದ.

"ಕೈ ಹಚ್ಚಬ್ಯಾಡ್ರಿ! ನಾ ಏನ್ ಜ್ವಾಳದ ಚೀಲೇನು? ಹತ್ತಿದ್ರ ನನ್ನ ಕುರ್ಚಿ ಮ್ಯಾಲ ನಾನಾ ಹತ್ತಾಂವ!"

ಬಸ್ಸು ಹೊರಟುಹೋಗುತ್ತಿತ್ತು, ಟವೆಲ್ ಸಮೇತ.

"ಕಾಕಾ, ನಿಮ್ಮ ಟವೆಲ್ ಗೋಕಾಕ ನೋಡಿ ಬಂತ್ರಿ," ಎಂದು ಸಂಜೆ ಕಂಡಕ್ಟರ್ ತಂದುಕೊಡುತ್ತಿದ್ದ.

"ಅದಕ್ಕ ತಿಕೀಟ ಹರದಿಲ್ಲಲ್ಲ ಮತ್ತ?"

ಅಲ್ಲ, ಸ್ವಂತ ಕುರ್ಚಿ ಇದ್ದವನಿಗೆ ಬಸ್ಸಿನ ಸೀಟೇಕೆ? ಕೇಳಿದರೆ, "ಇರಲಿ ಬಿಡೋ, ಬೇಕಾಗತೈತಿ" ಎನ್ನುತ್ತಿದ್ದ. ಕುರ್ಚಿ ತಳ್ಳುವ ಕಾಕಿ ಹಿಂದೆ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ತೋರಿಸುತ್ತೇನೆಂದು ಕಾಕಾ ಅವಳಿಗೆ ಮಾತು ಕೊಟ್ಟು ಯಾವ ಕಾಲವಾಗಿತ್ತೋ! "ನೀವಿಲ್ಲದ ನಾ ಒಬ್ಬಾಕಿ ಏನ್ ನೋಡ್ಲಿ?" ಎಂದು ಅವಳೂ ಹೋಗಿರಲಿಲ್ಲ.

ಒಂದು ದಿನ ಲಾರಿಗೆ ಹಲಗೆ ಹಚ್ಚಿ ಬೆಲ್ಲದ ಪೆಂಟೆ ಏರಿಸುವುದನ್ನು ಕಂಡ ಕಾಕಾ ಕುರ್ಚಿಯಲ್ಲೇ ಕುಣಿದ. "ಬೆಲ್ಲ ಹತ್ತತೈತಿ, ನಾ ಹತ್ತಬಾರದೇನು?"

ಬಸ್ಸಿಗೆ ಕಾಯುತ್ತ ಕೂತವರನ್ನೆಲ್ಲ ಬೈದು ಬೈದು ಎಬ್ಬಿಸಿ, ಸ್ಟ್ಯಾಂಡಿನ ಕಟ್ಟೆಗೆ ಮಣ್ಣು ಸುರಿಸಿ ಇಳಿಜಾರು ಮಾಡಿಸಿದ. ಅಷ್ಟರಲ್ಲಿ ತಿಳಿಯಿತು, ಬಾಗಿಲಿಗಿಂತ ಕುರ್ಚಿಯೇ ಅಗಲ! ಬಸ್ಸಂತೂ ದಪ್ಪಗಾಗುವುದಿಲ್ಲ, ವೆಲ್ಡಿಂಗ್ ಅಂಗಡಿಗೆ ಹೋಗಿ ಕುರ್ಚಿಯನ್ನೇ ಸಣ್ಣ ಮಾಡಿಸಿದ.

"ಕುರ್ಚಿ ಸಣ್ಣ ಆತು. ನೀವು ಯಾವಾಗ ಆಗ್ತೀರಿ?" ಎಂದಳು ಕಾಕಿ.

ಆಷಾಢದ ಒಂದು ಬೆಳಿಗ್ಗೆ ಫಾಲ್ಸ್ ಬಸ್ಸು ಬಂತು. ಅಲ್ಲಿ ಇಳಿಯಲು ಸರಿಯಾದ ದಿಬ್ಬವನ್ನು ಅದೇ ಕಂಡಕ್ಟರ್ ಮೊದಲೇ ನೋಡಿಟ್ಟಿದ್ದ. ಡ್ರೈವರ್ ಮಾತ್ರ ಗೊಣಗಿದ, "ಲೇಟ್ ಆಗತೈತ್ರಿ."

"ನೀವು ತಂಬಾಕ ತಿಕ್ಕಿ ಬಾಯಾಗ ಹಾಕ್ಕೊಳ್ಳೋದ್ರಾಗ ನಾ ಒಳಗ ಇರತೇನಿ. ತಿಕ್ರಿ!"

ಡ್ರೈವರ್ ನಕ್ಕು ಬಸ್ಸನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದ. ಮೊದಲು ಟವೆಲ್ ಹೋಯಿತು. ಆಮೇಲೆ ಕಟ್ಟೆಯಿಂದ ಬಸ್ಸಿನೊಳಗೆ ಹಲಗೆ ಹಾಕಿದೆವು. ಕಾಕಾ ಗಾಲಿ ತಿರುಗಿಸಿದ. ನಡುವೆ ಕುರ್ಚಿ ವಾಲಿತು, ನಮ್ಮ ಕೈಗಳೆಲ್ಲ ಮುಂದಾದವು. "ಕೈ ತಗೀರಿ!" ಎಂದು ಗದರಿಸಿ, ಹಲ್ಲು ಕಚ್ಚಿ ಇನ್ನೊಮ್ಮೆ ತಳ್ಳಿದ. ಒಳಗೇ ಹೋದ! ಡ್ರೈವರನ ತಂಬಾಕು ಇನ್ನೂ ಅಂಗೈಯಲ್ಲೇ ಇತ್ತು.

ಹಲಗೆ ಎತ್ತಿಕೊಂಡು ನಾವೂ ಹತ್ತಿದೆವು. ಕಾಕಿ ರೂಢಿಯಂತೆ ಕುರ್ಚಿಯ ಹಿಂದೆ ಹೋಗಿ ನಿಂತಳು. ಕಾಕಾ ಪಕ್ಕದ ಸೀಟಿನ ಮೇಲಿದ್ದ ಟವೆಲ್ ಎತ್ತಿ, ಸೀಟು ಝಾಡಿಸಿದ.

"ಏ, ಬಾ ಇಲ್ಲಿ. ಇಷ್ಟು ವರ್ಷ ನನ್ನ ಬೆನ್ನ ಹಿಂದ ನಿಂತೀದಿ, ಇವತ್ತರ ಬಾಜೂಕ ಕುಂದ್ರು. ಮೊದಲಿಂದಾನೂ ಇದು ನಿನಗಂತನ ಹಿಡಿದ ಸೀಟು."

"ಆ ಟವೆಲ್ ಇತ್ತ ಕೊಡ್ರಿ," ಎಂದು ಕಾಕಿ ಕಸಿದುಕೊಂಡು ಕಣ್ಣೊರೆಸಿಕೊಂಡಳು. ನನಗೂ ಬೇಕಾಗಿತ್ತು. ಫಾಲ್ಸ್ ಬರುವವರೆಗೂ ಅವಳು ಕೊಡಲಿಲ್ಲ.