ಮಿಮಿ ಟೈಲರ್ಸ್

ಮೂರು ತಿಂಗಳ ಹಿಂದೆ ತಂಗಿಯ ಬಾಣಂತನಕ್ಕೆ ಹೊರಡುವಾಗ ದರ್ಜಿಯ ಹೆಂಡತಿ ಒಂದು ಮಾತು ಆಡಿ ಹೋಗಿದ್ದಳು. "ಇಪ್ಪತ್ತು ವರ್ಷ ಗುಂಡಿ ಕಾಜಾ ಹೊಲಿದು ನನ್ನ ಬೆರಳು ಸವೀತು. ಬೋರ್ಡಲ್ಲಿ ಮಾತ್ರ ಇನ್ನೂ ನಿಮ್ಮಪ್ಪನ ಹೆಸರೇ!"

ಅವತ್ತಿನಿಂದ ದರ್ಜಿಗೆ ಊಟ ಸೇರಿರಲಿಲ್ಲ. ಇಂದು ಸಂಜೆಯ ಬಸ್ಸಿಗೆ ಅವಳು ಬರುವವಳು. ಬೆಳಿಗ್ಗೆಯೇ ಹೊಸ ಬೋರ್ಡು ಏರಿತು: ‘ಮಿಮಿ ಟೈಲರ್ಸ್’.

"ಮಿಮಿ ಅಂದ್ರೆ ಯಾರಯ್ಯಾ?" ಎಂದ ಪಕ್ಕದ ಅಂಗಡಿಯ ಕ್ಷೌರಿಕ.

ದರ್ಜಿ ನಾಚಿಕೊಂಡ. "ಮನೇಲಿ ಅವಳನ್ನ ಹಾಗೆ ಕರೀತೀನಿ. ಯಾರಿಗೂ ಹೇಳ್ಬೇಡ."

ಕ್ಷೌರಿಕ ಆಣೆಯಿಟ್ಟು ಹೋದವನು, ಗಿರಾಕಿಯ ಗಡ್ಡಕ್ಕೆ ಸೋಪು ಹಚ್ಚುವಷ್ಟರಲ್ಲಿ ಹೇಳಿ ಮುಗಿಸಿದ್ದ. ಆ ಗಿರಾಕಿ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ನೊರೆ ಮುಖದಲ್ಲೇ ಓಡಿಬಂದ.

"ಜಪಾನಿನವರಿಗೆ ಮಿಮಿ ಅಂದ್ರೆ ಕಿವಿ! ಕಿವಿ ಚುಚ್ಚೋ ಅಂಗಡಿ ಅಂದ್ಕೋತಾರೆ."

"ಈ ಬೀದಿಗೆ ಜಪಾನಿನವರು ಯಾಕೆ ಬರ್ತಾರೆ?"

"ಬಂದ್ರೆ?"

ದರ್ಜಿ ಬೀದಿಯ ಎರಡೂ ತುದಿ ಇಣುಕಿ ನೋಡಿದ.

ಅಷ್ಟರಲ್ಲಿ ಮಹಡಿ ಮನೆಯ ಮೇಷ್ಟ್ರು ಎರಡು ನಿಘಂಟು ಹೊತ್ತು ಇಳಿದರು. "ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಮಿಮಿ ಅಂದ್ರೆ ‘ನಾನು’. ಅಂಗಡಿಗೆ ‘ನಾನು’ ಅಂತ ಹೆಸರಿಟ್ರೆ ಎಷ್ಟು ಜಂಬ ಅನ್ನಲ್ವೇನಯ್ಯಾ ಜನ?"

ದರ್ಜಿ ಅವರಿಗೂ ಗುಟ್ಟು ಹೇಳಿ, ಯಾರಿಗೂ ಹೇಳಬೇಡಿ ಎಂದು ಕೈಮುಗಿದ. ಮೇಷ್ಟ್ರು ಇನ್ನೊಂದು ಪುಸ್ತಕ ತೆರೆದರು, ಮುಖ ಸಪ್ಪಗಾಯಿತು. ನ್ಯೂಜಿಲೆಂಡಿನ ಮಾವೋರಿ ಭಾಷೆಯ ಅರ್ಥವನ್ನು ಅವನ ಕಿವಿಯಲ್ಲಿ ಉಸುರಿದರು.

"ಉಚ್ಚೆಯಾ?" ದರ್ಜಿ ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಮಧ್ಯಾಹ್ನ ಊಟ ಬಿಟ್ಟು ಏಣಿ ಹತ್ತಿ, ಬೋರ್ಡಿಗೆಲ್ಲ ಕಪ್ಪು ಬಣ್ಣ ಬಳಿದ. ಸದ್ಯ, ಮರ್ಯಾದೆ ಉಳಿಯಿತು ಅಂದುಕೊಂಡ.

ಸಂಜೆ ಅವಳು ಬಸ್ಸಿಳಿದಳು. "ಮಿಮಿ ಅಕ್ಕ, ಬಂದ್ರಾ!" ಕ್ಷೌರಿಕ ಕತ್ತರಿ ಎತ್ತಿ ಕೂಗಿದ. "ಮಿಮಿ, ತಂಗಿ ಮಗು ಹೇಗಿದೆಯಮ್ಮಾ?" ಮೇಲಿನಿಂದ ಮೇಷ್ಟ್ರು. ಹತ್ತು ಹೆಜ್ಜೆಯಲ್ಲಿ ಹನ್ನೆರಡು ಜನ ಮಿಮಿ ಅಂದರು.

ಕಪ್ಪು ಬೋರ್ಡಿನ ಕೆಳಗೆ ಬಂದು ನಿಂತಾಗ ಅವಳ ಮುಖ ಕೆಂಪಾಗಿತ್ತು. ದರ್ಜಿ ತೊದಲುತ್ತ ಎಲ್ಲ ಹೇಳಿದ.

"ನನ್ನ ಹೆಸರು ಬರೀರಿ ಅಂದ್ರೆ, ಮನೇಲಿ ಪಿಸುಗುಡೋ ಹೆಸರು ಬರೆದ್ರಾ? ಅದನ್ನೂ ಅಳಿಸಿದ್ರಿ. ಊರನ್ನೆಲ್ಲ ಕೇಳಿದ್ರಿ, ನನ್ನೊಬ್ಬಳನ್ನ ಬಿಟ್ಟು!"

ಅವನು ತಲೆ ತಗ್ಗಿಸಿದ. ಮೂಗಿನ ತುದಿಗೆ ಬಣ್ಣ ಮೆತ್ತಿತ್ತು. ಅವಳಿಗೆ ಪಾಪ ಅನ್ನಿಸಿತು; ಕರವಸ್ತ್ರದಿಂದ ಒರೆಸಿದಳು.

"ನಾಳೆ ಬೋರ್ಡಲ್ಲಿ ನನ್ನ ನಿಜವಾದ ಹೆಸರು ಬರಬೇಕು. ಮಿಮಿ ಅಂತೂ ಬೀದಿಪಾಲಾಯ್ತು. ಮನೇಲಿ ಕರೆಯೋಕೆ ಬೇರೆ ಹೆಸರು ಹುಡುಕಿ. ಅರ್ಥ ಮಾತ್ರ ಯಾರನ್ನೂ ಕೇಳ್ಬೇಡಿ."

ದರ್ಜಿ ಯೋಚಿಸಿ, ಅವಳ ಕಿವಿಯಲ್ಲಿ ಎರಡಕ್ಷರ ಉಸುರಿದ. ಅವಳು ನಕ್ಕಳು.

ಮಹಡಿಯ ಕಿಟಕಿಯಿಂದ ನಿಘಂಟಿನ ಪುಟ ತಿರುವುವ ಸದ್ದು ಕೇಳಿಸಿತು.